ಬಿಳಿ ರಕ್ತಕಣಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ರಕ್ತಪರೀಕ್ಷೆಯ ವರದಿ ಕೈಗೆ ಬಂದ ಕೂಡಲೇ ಹೆಚ್ಚಿನವರ ಕಣ್ಣು ಮೊದಲು ಹಿಮೋಗ್ಲೋಬಿನ್ ಮೇಲೆ, ಆಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ಅಂಕಿಗಳ ಮೇಲೆ ನಿಲ್ಲುತ್ತದೆ. ಆ ದಪ್ಪಕ್ಷರದ ಅಂಕಿ ಎಷ್ಟೋ ಸಲ ಬಿಳಿ ರಕ್ತಕಣಗಳ ಸಾಲಿನದೇ ಆಗಿರುತ್ತದೆ. ವರ್ಷಗಟ್ಟಲೆ ಸೂಕ್ಷ್ಮದರ್ಶಕದ ಮುಂದೆ ಕುಳಿತು ಈ ಕಣಗಳನ್ನು ಎಣಿಸಿದ ನನ್ನನ್ನು ಜನ ಕೇಳಿದ ಪ್ರಶ್ನೆಗಳನ್ನೂ, ಕೇಳಬೇಕಾಗಿದ್ದರೂ ಕೇಳದೆ ಹೋದ ಕೆಲವನ್ನೂ ಇಲ್ಲಿ ಒಟ್ಟುಗೂಡಿಸಿದ್ದೇನೆ. ವರದಿ ಹಿಡಿದು ವೈದ್ಯರ ಮುಂದೆ ಕುಳಿತಾಗ ಅವರ ಮಾತು ಸುಲಭವಾಗಿ ಅರ್ಥವಾಗಲಿ ಎಂಬುದಷ್ಟೇ ಉದ್ದೇಶ. ಮನೆಯಲ್ಲೇ ರೋಗ ನಿರ್ಣಯಿಸಿಕೊಳ್ಳುವುದಕ್ಕೆ ಇದು ಆಧಾರವಲ್ಲ.

ಬಿಳಿ ರಕ್ತಕಣಗಳು ನಿಜವಾಗಿಯೂ ಬೆಳ್ಳಗಿರುತ್ತವೆಯೇ?

ಒಂದೊಂದೇ ಕಣವನ್ನು ನೋಡಿದರೆ ಅದಕ್ಕೆ ಬಣ್ಣವೇ ಇಲ್ಲ. ಹೆಪ್ಪುಗಟ್ಟದಂತೆ ರಾಸಾಯನಿಕ ಬೆರೆಸಿದ ರಕ್ತವನ್ನು ಕೊಳವೆಯಲ್ಲಿ ಹಾಕಿ ವೇಗವಾಗಿ ತಿರುಗಿಸಿದರೆ ಭಾರವಾದ ಕೆಂಪು ಕಣಗಳು ತಳಕ್ಕಿಳಿಯುತ್ತವೆ, ಹೊಂಬಣ್ಣದ ಪ್ಲಾಸ್ಮಾ ಮೇಲೆ ನಿಲ್ಲುತ್ತದೆ, ಎರಡರ ನಡುವೆ ಹಾಲಿನ ಕೆನೆಯಂಥ ತೆಳ್ಳನೆಯ ಪದರವೊಂದು ಕಾಣಿಸಿಕೊಳ್ಳುತ್ತದೆ. ಬಿಳಿ ಕಣಗಳೂ ಪ್ಲೇಟ್‌ಲೆಟ್‌ಗಳೂ ಸೇರಿ ಆದ ಆ ಪದರ ಒಟ್ಟು ರಕ್ತದ ಶೇ. 1ರಷ್ಟೂ ಇರುವುದಿಲ್ಲ. ಹೆಸರು ಬಂದದ್ದು ಈ ಕೆನೆಯ ಬಣ್ಣದಿಂದ.

ಆರೋಗ್ಯವಂತ ವಯಸ್ಕರ ಒಂದು ಮೈಕ್ರೋಲೀಟರ್ ರಕ್ತದಲ್ಲಿ, ಅಂದರೆ ಒಂದು ಘನ ಮಿಲಿಮೀಟರ್‌ನಲ್ಲಿ, ಸುಮಾರು 4,000ದಿಂದ 11,000 ಬಿಳಿ ಕಣಗಳಿರುತ್ತವೆ. ಅಷ್ಟೇ ರಕ್ತದಲ್ಲಿ ಕೆಂಪು ಕಣಗಳು 50 ಲಕ್ಷದ ಆಸುಪಾಸಿನಲ್ಲಿರುತ್ತವೆ. ಹಾಗಾಗಿ ಏಳುನೂರು ಕೆಂಪು ಕಣಗಳನ್ನು ದಾಟಿದರೆ ಒಂದು ಬಿಳಿ ಕಣ ಸಿಕ್ಕೀತು.

ಇಷ್ಟು ಕಡಿಮೆ ಸಂಖ್ಯೆಯಲ್ಲಿದ್ದು ಇಡೀ ದೇಹವನ್ನು ಹೇಗೆ ಕಾಯುತ್ತವೆ?

ಈ ಪ್ರಶ್ನೆಯ ಹಿಂದೆ ಒಂದು ತಪ್ಪು ಕಲ್ಪನೆಯಿದೆ. ಕೆಂಪು ಕಣಕ್ಕೆ ರಕ್ತವೇ ಮನೆ. ಬಿಳಿ ಕಣಕ್ಕೆ ರಕ್ತ ಬರೀ ದಾರಿ. ಅದು ಮೂಳೆಯ ಮಜ್ಜೆಯಲ್ಲಿ ಹುಟ್ಟಿ, ರಕ್ತದ ಹಾದಿ ಹಿಡಿದು, ಚರ್ಮ, ಶ್ವಾಸಕೋಶ, ಕರುಳು, ಗುಲ್ಮ, ದುಗ್ಧರಸ ಗ್ರಂಥಿ ಹೀಗೆ ತನ್ನ ಕೆಲಸದ ಜಾಗವನ್ನು ಸೇರುತ್ತದೆ. ಸೂಜಿ ಚುಚ್ಚಿ ತೆಗೆದ ರಕ್ತದಲ್ಲಿ ನಮಗೆ ಸಿಗುವುದು ಆ ಗಳಿಗೆಯಲ್ಲಿ ದಾರಿಯ ಮೇಲಿದ್ದವು ಮಾತ್ರ. ದೇಹದ ಒಟ್ಟು ಲಿಂಫೋಸೈಟ್‌ಗಳಲ್ಲಿ ರಕ್ತದಲ್ಲಿ ಕಾಣಸಿಗುವುದು ಶೇ. 2ರ ಆಸುಪಾಸು. ರಕ್ತನಾಳದೊಳಗೆ ಇರುವ ನ್ಯೂಟ್ರೋಫಿಲ್‌ಗಳಲ್ಲಿಯೂ ಸುಮಾರು ಅರ್ಧದಷ್ಟು ಹರಿಯುವ ರಕ್ತದಲ್ಲಿರದೆ ನಾಳದ ಗೋಡೆಗೆ ಒರಗಿಕೊಂಡಿರುತ್ತವೆ. ಅವು ಎಣಿಕೆಗೆ ಸಿಗುವುದೇ ಇಲ್ಲ.

ಬಸ್ ನಿಲ್ದಾಣದಲ್ಲಿ ನಿಂತವರನ್ನು ಎಣಿಸಿ ಊರಿನ ಜನಸಂಖ್ಯೆ ಹೇಳಲಾಗದು. ಆದರೆ ನಿಲ್ದಾಣದಲ್ಲಿ ಇದ್ದಕ್ಕಿದ್ದಂತೆ ಜನ ನೆರೆದರೆ ಎಲ್ಲೋ ಏನೋ ನಡೆದಿದೆ ಎಂದು ಊಹಿಸಬಹುದು. ಬಿಳಿ ಕಣಗಳ ಎಣಿಕೆಗೆ ಇರುವ ಬೆಲೆಯೂ ಮಿತಿಯೂ ಇಷ್ಟೇ. ಮುಂದಿನ ಹೆಚ್ಚಿನ ಉತ್ತರಗಳು ಈ ಮಾತಿನ ಮೇಲೆಯೇ ನಿಂತಿವೆ.

ಬಿಳಿ ರಕ್ತಕಣಗಳಲ್ಲಿ ಎಷ್ಟು ಬಗೆ? ಅವುಗಳನ್ನು ಗುರುತಿಸುವುದು ಹೇಗೆ?

ಸಾಮಾನ್ಯ ವರದಿಯಲ್ಲಿ ಐದು ಹೆಸರುಗಳಿರುತ್ತವೆ: ನ್ಯೂಟ್ರೋಫಿಲ್, ಲಿಂಫೋಸೈಟ್, ಮಾನೋಸೈಟ್, ಇಯೋಸಿನೋಫಿಲ್, ಬೇಸೋಫಿಲ್. ವಯಸ್ಕರಲ್ಲಿ ನ್ಯೂಟ್ರೋಫಿಲ್‌ಗಳು ಶೇ. 40ರಿಂದ 75, ಲಿಂಫೋಸೈಟ್‌ಗಳು ಶೇ. 20ರಿಂದ 40, ಮಾನೋಸೈಟ್‌ಗಳು ಶೇ. 2ರಿಂದ 10, ಇಯೋಸಿನೋಫಿಲ್‌ಗಳು ಶೇ. 1ರಿಂದ 6 ಇರುವುದು ವಾಡಿಕೆ. ಬೇಸೋಫಿಲ್ ನೂರರಲ್ಲಿ ಒಂದು ಸಿಕ್ಕರೆ ಸಿಕ್ಕಿತು, ಇಲ್ಲವಾದರೆ ಇಲ್ಲ. ಹಳೆಯ ಚೀಟಿಗಳಲ್ಲಿ ವೈದ್ಯರು ‘ಟಿ.ಸಿ., ಡಿ.ಸಿ.’ ಎಂದು ಬರೆಯುತ್ತಿದ್ದರಲ್ಲ, ಅದರಲ್ಲಿ ಟಿ.ಸಿ. ಎಂದರೆ ಒಟ್ಟು ಎಣಿಕೆ, ಡಿ.ಸಿ. ಎಂದರೆ ಈ ಐದು ಬಗೆಗಳ ಪಾಲು. ಈಗ ಇವೆರಡೂ ಸಿಬಿಸಿ ಎಂಬ ಒಂದೇ ಪರೀಕ್ಷೆಯೊಳಗೆ ಸೇರಿಹೋಗಿವೆ.

ಬಣ್ಣವಿಲ್ಲದ ಕಣಗಳಲ್ಲಿ ಬಗೆ ಹುಡುಕುವುದಕ್ಕೆ ಬಣ್ಣ ಹಾಕಲೇಬೇಕು. ಜರ್ಮನಿಯ ಪಾಲ್ ಏರ್ಲಿಖ್ 1879ರ ಸುಮಾರಿಗೆ, ಬಟ್ಟೆಗೆ ಹಾಕಲೆಂದು ಆಗ ಹೊಸದಾಗಿ ಬಂದಿದ್ದ ಕೃತಕ ಬಣ್ಣಗಳನ್ನು ರಕ್ತದ ಲೇಪದ ಮೇಲೆ ಸುರಿದು ನೋಡಿದರು. ಇಯೋಸಿನ್ ಎಂಬ ಆಮ್ಲೀಯ ಬಣ್ಣವನ್ನು ಹೀರಿದ ಕಣ ಇಯೋಸಿನೋಫಿಲ್ ಆಯಿತು, ಪ್ರತ್ಯಾಮ್ಲೀಯ ಬಣ್ಣವನ್ನು ಹಿಡಿದದ್ದು ಬೇಸೋಫಿಲ್ ಆಯಿತು, ಎರಡಕ್ಕೂ ವಾಲದೆ ತಟಸ್ಥವಾಗಿ ನಿಂತದ್ದು ನ್ಯೂಟ್ರೋಫಿಲ್ ಆಯಿತು. ಹೆಸರುಗಳು ಬಣ್ಣದಿಂದ ಬಂದವೇ ಹೊರತು ಕೆಲಸದಿಂದ ಅಲ್ಲ ಎಂಬುದನ್ನು ವಿದ್ಯಾರ್ಥಿಗಳು ನೆನಪಿಟ್ಟುಕೊಂಡರೆ ಗೊಂದಲ ಅರ್ಧ ಕಡಿಮೆಯಾಗುತ್ತದೆ.

ನಮ್ಮ ಪ್ರಯೋಗಾಲಯಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಲೀಶ್‌ಮನ್ ಬಣ್ಣ. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ರಕ್ತವನ್ನು ನಾಲಿಗೆಯಾಕಾರದಲ್ಲಿ ತೆಳ್ಳಗೆ ಎಳೆದು, ಒಣಗಿಸಿ, ಬಣ್ಣ ಸುರಿದು ಎರಡು ನಿಮಿಷ ಬಿಟ್ಟು, ಅದರ ಎರಡರಷ್ಟು ಬಫರ್ ನೀರು ಬೆರೆಸಿ, ಏಳೆಂಟು ನಿಮಿಷ ಕಾದು ತೊಳೆದರೆ ಲೇಪ ಸಿದ್ಧ. ಆ ನೀರಿನ ಪಿಎಚ್ 6.8ರ ಹತ್ತಿರ ಇರಬೇಕು. ನಾನು ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಒಂದು ದಿನ ಬಫರ್ ಮುಗಿದಿತ್ತೆಂದು ಕೊಳವೆಬಾವಿಯ ಗಡಸು ನೀರನ್ನೇ ಸುರಿದುಬಿಟ್ಟೆ. ಬೆಳಗಿನ ಪಟ್ಟಿಗಳೆಲ್ಲ ನೀಲಿಯಲ್ಲಿ ಅದ್ದಿದಂತಾದವು. ಇಯೋಸಿನೋಫಿಲ್ ಯಾವುದು, ನ್ಯೂಟ್ರೋಫಿಲ್ ಯಾವುದು ಎಂದು ಹೇಳಲಾಗದೆ ಅಷ್ಟನ್ನೂ ಮತ್ತೆ ಮಾಡಬೇಕಾಯಿತು. ಸರಿಯಾಗಿ ಬಣ್ಣ ಕಟ್ಟಿದ ಪಟ್ಟಿಯಲ್ಲಿ ಮಾತ್ರ ಗುರುತು ತಪ್ಪುವುದಿಲ್ಲ: ನ್ಯೂಟ್ರೋಫಿಲ್‌ನ ಕೋಶಕೇಂದ್ರ ಎರಡರಿಂದ ಐದು ಎಸಳಾಗಿ ಒಡೆದಿರುತ್ತದೆ, ಇಯೋಸಿನೋಫಿಲ್ ಒಳಗೆ ಕಿತ್ತಳೆಗೆಂಪು ಕಣಿಕೆಗಳು ಸಾಬೂದಾನಿಯಂತೆ ಒತ್ತಾಗಿ ತುಂಬಿರುತ್ತವೆ, ಸಣ್ಣ ಲಿಂಫೋಸೈಟ್ ಒಂದು ದುಂಡನೆಯ ನೇರಳೆ ಬೊಟ್ಟು, ಸುತ್ತ ಆಕಾಶನೀಲಿಯ ತೆಳುವಾದ ಅಂಚು, ಎಲ್ಲಕ್ಕಿಂತ ದೊಡ್ಡದಾದ ಮಾನೋಸೈಟ್ ಬೂದಿ ಬಣ್ಣದ ಮೈಯಲ್ಲಿ ಮೂತ್ರಪಿಂಡದಂತೆ ಬಾಗಿದ ಕೋಶಕೇಂದ್ರವನ್ನು ಹೊತ್ತಿರುತ್ತದೆ.

ನ್ಯೂಟ್ರೋಫಿಲ್‌ಗಳ ಕೆಲಸವೇನು?

ಬರಿಗಾಲಲ್ಲಿ ಗದ್ದೆಯ ಬದುವಿನ ಮೇಲೆ ನಡೆಯುವಾಗ ಮುಳ್ಳು ಚುಚ್ಚಿತೆಂದು ಇಟ್ಟುಕೊಳ್ಳೋಣ. ಮುಳ್ಳಿನ ಜೊತೆ ಬ್ಯಾಕ್ಟೀರಿಯಾಗಳೂ ಒಳಗಿಳಿಯುತ್ತವೆ. ಆ ಜಾಗದಲ್ಲಿ ಮೊದಲೇ ನೆಲೆಸಿರುವ ಮ್ಯಾಕ್ರೋಫೇಜ್ ಎಂಬ ನುಂಗುವ ಕೋಶಗಳು ಇದನ್ನು ಗುರುತಿಸಿ ರಾಸಾಯನಿಕ ಸಂಕೇತಗಳನ್ನು ಬಿಡುತ್ತವೆ. ಅದರ ಪರಿಣಾಮವಾಗಿ ಹತ್ತಿರದ ಸಣ್ಣ ರಕ್ತನಾಳಗಳ ಒಳಗೋಡೆ ಅಂಟಂಟಾಗುತ್ತದೆ. ರಭಸದಿಂದ ಹರಿದುಹೋಗುತ್ತಿದ್ದ ನ್ಯೂಟ್ರೋಫಿಲ್ ಅಲ್ಲಿ ಉರುಳುತ್ತ ನಿಧಾನವಾಗಿ, ಕೊನೆಗೆ ನಿಂತು, ಚಪ್ಪಟೆಯಾಗಿ, ನಾಳದ ಗೋಡೆಯ ಸಂದಿನಲ್ಲಿ ನುಸುಳಿ ಹೊರಬರುತ್ತದೆ. ಕೋಶಕೇಂದ್ರ ಎಸಳೆಸಳಾಗಿ ಒಡೆದಿರುವುದು ಈ ನುಸುಳುವಿಕೆಗೆ ಅನುಕೂಲವೆಂದು ಭಾವಿಸಲಾಗಿದೆ. ಆಮೇಲೆ ಸಂಕೇತದ ಸಾಂದ್ರತೆ ಹೆಚ್ಚಿರುವ ದಿಕ್ಕಿಗೆ ತೆವಳುತ್ತ ಹೋಗಿ ಬ್ಯಾಕ್ಟೀರಿಯಾವನ್ನು ಸುತ್ತುವರಿದು ನುಂಗುತ್ತದೆ.

ನುಂಗಿದ್ದನ್ನು ಕೊಲ್ಲುವ ವಿಧಾನ ಇನ್ನೂ ಸ್ವಾರಸ್ಯಕರವಾಗಿದೆ. ಊರಿನ ನೀರಿನ ಟ್ಯಾಂಕಿಗೆ ಹಾಕುವ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಕರಗಿದಾಗ ಹುಟ್ಟುವ ಹೈಪೋಕ್ಲೋರಸ್ ಆಮ್ಲವನ್ನೇ ನ್ಯೂಟ್ರೋಫಿಲ್ ತನ್ನ ಹೊಟ್ಟೆಯೊಳಗೆ ತಯಾರಿಸಿ ಪ್ರಯೋಗಿಸುತ್ತದೆ. ಅದಕ್ಕೆ ಬೇಕಾದ ಮೈಲೋಪೆರಾಕ್ಸಿಡೇಸ್ ಎಂಬ ಕಿಣ್ವಕ್ಕೆ ಹಸಿರು ಛಾಯೆಯಿದೆ. ಗಾಯದ ಕೀವು ಹಸಿರು ಮಿಶ್ರಿತ ಹಳದಿಯಾಗಿ ಕಾಣುವುದಕ್ಕೆ ಇದೂ ಒಂದು ಕಾರಣ, ಏಕೆಂದರೆ ಕೀವಿನ ಬಹುಭಾಗ ಸತ್ತ ನ್ಯೂಟ್ರೋಫಿಲ್‌ಗಳೇ. ಕೆಲವು ನ್ಯೂಟ್ರೋಫಿಲ್‌ಗಳು ತಮ್ಮ ಡಿಎನ್‌ಎಯನ್ನೇ ಬಲೆಯಂತೆ ಹೊರಗೆ ಬೀಸಿ ಬ್ಯಾಕ್ಟೀರಿಯಾಗಳನ್ನು ಸಿಕ್ಕಿಸುತ್ತವೆ ಎಂಬ ಸಂಗತಿ ಪ್ರಕಟವಾದದ್ದು 2004ರಲ್ಲಿ.

ಇವುಗಳ ಆಯುಸ್ಸು ಬಹಳ ಕಡಿಮೆ. ರಕ್ತದಲ್ಲಿ ಕೆಲವು ಗಂಟೆಗಳು, ಹೆಚ್ಚೆಂದರೆ ಕೆಲವು ದಿನಗಳು. ಹಾಗಾಗಿ ಮಜ್ಜೆ ದಿನವೊಂದಕ್ಕೆ ಸುಮಾರು ಹತ್ತು ಸಾವಿರ ಕೋಟಿ ನ್ಯೂಟ್ರೋಫಿಲ್‌ಗಳನ್ನು ಹುಟ್ಟಿಸಬೇಕಾಗುತ್ತದೆ. ಕ್ಯಾನ್ಸರ್ ಔಷಧಗಳು ವೇಗವಾಗಿ ವಿಭಜನೆಯಾಗುವ ಕೋಶಗಳನ್ನು ಹೊಡೆಯುವುದರಿಂದ ಮೊದಲು ಕುಸಿಯುವುದು ಈ ಕಣಗಳ ಸಂಖ್ಯೆ. ಕೀಮೋಥೆರಪಿ ನಡೆಯುತ್ತಿರುವವರಿಗೆ ಜ್ವರ ಬಂದರೆ ‘ನಾಳೆ ನೋಡೋಣ’ ಎನ್ನದೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಬನ್ನಿ ಎಂದು ವೈದ್ಯರು ಒತ್ತಿ ಹೇಳುವುದು ಇದಕ್ಕಾಗಿ. ನ್ಯೂಟ್ರೋಫಿಲ್‌ಗಳು 500ಕ್ಕಿಂತ ಕೆಳಗಿಳಿದಿದ್ದರೆ ಸೋಂಕಿದ್ದರೂ ಕೀವಾಗುವುದಿಲ್ಲ, ಊತ ಕಾಣುವುದಿಲ್ಲ, ಜ್ವರವೊಂದೇ ಸುಳಿವು.

ಮಾನೋಸೈಟ್‌ಗೂ ಮ್ಯಾಕ್ರೋಫೇಜ್‌ಗೂ ಏನು ಸಂಬಂಧ?

ಮಾನೋಸೈಟ್ ರಕ್ತದಲ್ಲಿ ಒಂದರಿಂದ ಮೂರು ದಿನ ಇದ್ದು, ಅಂಗಾಂಶಕ್ಕೆ ಇಳಿದ ಮೇಲೆ ಮ್ಯಾಕ್ರೋಫೇಜ್ ಆಗಿ ಬದಲಾಗುತ್ತದೆ. ಯಕೃತ್ತಿನ ಕುಪ್ಫರ್ ಕೋಶಗಳು, ಶ್ವಾಸಕೋಶದ ಗಾಳಿಗೂಡುಗಳಲ್ಲಿ ಧೂಳು ಹೆಕ್ಕುವ ಕೋಶಗಳು, ಮಿದುಳಿನ ಮೈಕ್ರೋಗ್ಲಿಯಾ ಇವೆಲ್ಲ ಮ್ಯಾಕ್ರೋಫೇಜ್ ಬಳಗದವು. ಎಲ್ಲವೂ ಮಾನೋಸೈಟ್‌ನಿಂದಲೇ ಬರುತ್ತವೆ ಎಂದು ಹಿಂದೆ ಕಲಿಸುತ್ತಿದ್ದರು; ಇವುಗಳಲ್ಲಿ ಹಲವು ನಾವು ಭ್ರೂಣವಾಗಿದ್ದಾಗಲೇ ಆಯಾ ಅಂಗಕ್ಕೆ ಹೋಗಿ ನೆಲೆಸಿ, ಅಲ್ಲಿಯೇ ಮರಿ ಹಾಕುತ್ತ ಉಳಿಯುತ್ತವೆ ಎಂಬುದು ಈಗ ತಿಳಿದಿದೆ.

ಕೋಶವೊಂದು ಪರಕೀಯ ವಸ್ತುವನ್ನು ನುಂಗಿ ದೇಹವನ್ನು ಕಾಯುತ್ತದೆ ಎಂಬ ವಿಚಾರ ಹುಟ್ಟಿದ್ದು 1882ರಲ್ಲಿ, ಇಟಲಿಯ ಮೆಸ್ಸಿನಾದಲ್ಲಿ. ರಷ್ಯಾದ ಪ್ರಾಣಿಶಾಸ್ತ್ರಜ್ಞ ಇಲ್ಯಾ ಮೆಚ್ನಿಕೋವ್ ಗಾಜಿನಂತೆ ಪಾರದರ್ಶಕವಾದ ನಕ್ಷತ್ರಮೀನಿನ ಮರಿಯ ಚರ್ಮದಡಿ ಗುಲಾಬಿ ಮುಳ್ಳನ್ನು ಚುಚ್ಚಿಟ್ಟು, ಮರುದಿನ ಬೆಳಗ್ಗೆ ನೋಡಿದಾಗ ಅಲೆಮಾರಿ ಕೋಶಗಳು ಮುಳ್ಳನ್ನು ಮುತ್ತಿಕೊಂಡಿದ್ದವು. ರಕ್ತದಲ್ಲಿ ಕರಗಿರುವ ವಸ್ತುಗಳೇ ರಕ್ಷಣೆಗೆ ಕಾರಣ ಎಂದು ವಾದಿಸುತ್ತಿದ್ದ ಪಕ್ಷದಲ್ಲಿ ಏರ್ಲಿಖ್ ಇದ್ದರು. 1908ರ ನೊಬೆಲ್ ಪ್ರಶಸ್ತಿಯನ್ನು ಇಬ್ಬರಿಗೂ ಹಂಚಲಾಯಿತು. ಎರಡೂ ಕಡೆಯವರು ಹೇಳಿದ್ದು ನಿಜವೇ ಆಗಿತ್ತು.

ಮ್ಯಾಕ್ರೋಫೇಜ್ ಬರೀ ನುಂಗುವ ಕೋಶವಲ್ಲ. ಮುದಿಯಾದ ಕೆಂಪು ಕಣಗಳನ್ನು ಗುಲ್ಮದಲ್ಲಿ ಒಡೆದು ಅದರ ಕಬ್ಬಿಣವನ್ನು ಮರುಬಳಕೆಗೆ ಕೊಡುವುದೂ, ಗಾಯ ಮಾಯುವಾಗ ಕಸ ತೆಗೆಯುವುದೂ ಅದರ ಕೆಲಸವೇ. ಕ್ಷಯದ ಬ್ಯಾಕ್ಟೀರಿಯಾ ಮಾತ್ರ ಈ ನುಂಗುವ ಕೋಶದ ಒಳಗೇ ಬದುಕಲು ಕಲಿತುಬಿಟ್ಟಿದೆ. ಆಗ ದೇಹ ಅದನ್ನು ಕೊಲ್ಲಲಾಗದೆ, ಸುತ್ತ ಕೋಶಗಳ ಗೋಡೆ ಕಟ್ಟಿ ಗಂಟಾಗಿಸಿ ಕೂಡಿಹಾಕುತ್ತದೆ. ಎಷ್ಟೋ ಜನರಲ್ಲಿ ಆ ಗಂಟು ಜೀವಮಾನವಿಡೀ ಹಾಗೆಯೇ ಉಳಿದುಬಿಡುತ್ತದೆ.

ಇಯೋಸಿನೋಫಿಲ್ ಹೆಚ್ಚಿದ್ದರೆ ಅದು ಅಲರ್ಜಿಯೇ?

ಇರಬಹುದು, ಅದೊಂದೇ ಕಾರಣವಲ್ಲ. ನುಂಗಲಾರದಷ್ಟು ದೊಡ್ಡದಾದ ಜಂತುಹುಳುಗಳ ಮೈಮೇಲೆ ತನ್ನ ಕಣಿಕೆಗಳಲ್ಲಿನ ವಿಷಕಾರಿ ಪ್ರೋಟೀನುಗಳನ್ನು ಸುರಿಯುವುದು ಇಯೋಸಿನೋಫಿಲ್‌ನ ಹಳೆಯ ಕಸುಬು. ಆಸ್ತಮಾ, ಸೀನು, ಚರ್ಮದ ಅಲರ್ಜಿಗಳಲ್ಲಿ ಅದೇ ಅಸ್ತ್ರ ನಮ್ಮ ಅಂಗಾಂಶದ ಮೇಲೆಯೇ ಬೀಳುತ್ತದೆ. ಮೈಕ್ರೋಲೀಟರ್‌ಗೆ 500ರವರೆಗಿನ ಸಂಖ್ಯೆಯನ್ನು ಸಹಜವೆಂದು ಎಣಿಸುತ್ತಾರೆ. ನಮ್ಮ ಕಡೆ ಸಾವಿರದ ಸುತ್ತಮುತ್ತ ಬಂದರೆ ವೈದ್ಯರು ಮೊದಲು ಮಲಪರೀಕ್ಷೆ ಬರೆಯುವುದು ವಿವೇಕದ ಕ್ರಮ. ಔಷಧಗಳ ಅಡ್ಡಪರಿಣಾಮವನ್ನೂ ಮರೆಯಬಾರದು.

ಸಂಖ್ಯೆ 3,000 ದಾಟಿ, ರಾತ್ರಿ ಹೊತ್ತು ಒಣಕೆಮ್ಮು ಮತ್ತು ಉಬ್ಬಸ ಕಾಡುತ್ತಿದ್ದರೆ ಬೇರೆಯದೇ ಕಾಯಿಲೆಯೊಂದನ್ನು ನೆನೆಯಬೇಕಾಗುತ್ತದೆ. ಆನೆಕಾಲು ರೋಗದ ಹುಳುವಿನ ಮರಿಗಳಿಗೆ ಕೆಲವರ ಶ್ವಾಸಕೋಶ ಅತಿಯಾಗಿ ಪ್ರತಿಕ್ರಿಯಿಸಿದಾಗ ಬರುವ ಉಷ್ಣವಲಯದ ಇಯೋಸಿನೋಫಿಲಿಯಾ ಅದು. ಆನೆಕಾಲು ರೋಗದ ಇತಿಹಾಸವಿರುವ ಕರಾವಳಿಯಲ್ಲಿ, ಕಲಬುರಗಿ, ಬೀದರ್ ಕಡೆಗಳಲ್ಲಿ ಇದನ್ನು ಬರೀ ಆಸ್ತಮಾ ಎಂದು ತಿಳಿದು ತಿಂಗಳುಗಟ್ಟಲೆ ಇನ್‌ಹೇಲರ್ ಎಳೆಯುವ ಸಂಭವವಿದೆ. ಈ ಕಾಯಿಲೆಯಲ್ಲಿ ಮರಿಹುಳುಗಳು ಸಾಮಾನ್ಯವಾಗಿ ರಕ್ತದಲ್ಲಿ ಸಿಗುವುದಿಲ್ಲ; ಡೈಎಥೈಲ್‌ಕಾರ್ಬಮಜೀನ್ ಮಾತ್ರೆಗೆ ಕೆಮ್ಮು ಇಳಿಯುವುದೇ ರೋಗನಿರ್ಣಯಕ್ಕೆ ದೊಡ್ಡ ಬೆಂಬಲ.

ಬೇಸೋಫಿಲ್?

ಸಂಖ್ಯೆಯಲ್ಲಿ ಅತಿ ಕಡಿಮೆ. ಹಿಸ್ಟಮಿನ್ ಮತ್ತು ಹೆಪಾರಿನ್ ತುಂಬಿದ ಗಾಢನೀಲಿ ಕಣಿಕೆಗಳು ಅದರಲ್ಲಿರುತ್ತವೆ, ಅಲರ್ಜಿಯ ವೇಳೆ ಅವು ಬಿಡುಗಡೆಯಾಗುತ್ತವೆ. ಕಡಿಮೆ ಇದ್ದರೆ ಚಿಂತೆಯಿಲ್ಲ. ಹೆಚ್ಚುತ್ತ ಹೋದರೆ ಮಜ್ಜೆಯ ಕಾಯಿಲೆಯ ಕಡೆಗೆ ಗಮನ ಕೊಡಬೇಕು.

ಟಿ ಕೋಶ, ಬಿ ಕೋಶ ಎನ್ನುತ್ತಾರೆ. ಅವು ವರದಿಯಲ್ಲಿ ಏಕೆ ಕಾಣುವುದಿಲ್ಲ?

ಎರಡೂ ಲಿಂಫೋಸೈಟ್‌ಗಳೇ. ಸೂಕ್ಷ್ಮದರ್ಶಕದಲ್ಲಿ ಅವಳಿ ಮಕ್ಕಳಂತೆ ಒಂದೇ ರೂಪ. ಬೇರ್ಪಡಿಸಲು ಅವುಗಳ ಮೇಲ್ಮೈಯ ಪ್ರೋಟೀನುಗಳನ್ನು ಗುರುತಿಸುವ ಫ್ಲೋ ಸೈಟೋಮೀಟರ್ ಬೇಕು. ಎದೆಗೂಡಿನ ಮೇಲ್ಭಾಗದಲ್ಲಿರುವ ಥೈಮಸ್ ಗ್ರಂಥಿಯಲ್ಲಿ ಬೆಳೆದದ್ದು ಟಿ ಕೋಶ. ಆ ಗ್ರಂಥಿಗೆ ಇಂಥದ್ದೊಂದು ಕೆಲಸವಿದೆ ಎಂಬುದನ್ನು ಜಾಕ್ ಮಿಲ್ಲರ್ ತೋರಿಸಿದ್ದು 1961ರಲ್ಲಿ. ಅಲ್ಲಿಯವರೆಗೆ ಅದನ್ನು ಕೆಲಸಕ್ಕೆ ಬಾರದ ಮಾಂಸದ ತುಣುಕೆಂದೇ ಬಹುಮಂದಿ ತಿಳಿದಿದ್ದರು. ಬಿ ಎಂಬ ಅಕ್ಷರ ಬಂದದ್ದು ಕೋಳಿಯಲ್ಲಿರುವ ಬರ್ಸಾ ಎಂಬ ಅಂಗದಿಂದ. ಮನುಷ್ಯರಿಗೆ ಆ ಅಂಗವಿಲ್ಲ, ನಮ್ಮ ಬಿ ಕೋಶಗಳು ಮಜ್ಜೆಯಲ್ಲೇ ಬಲಿಯುತ್ತವೆ.

ಈ ಕೋಶಗಳ ವಿಶೇಷವೆಂದರೆ ಒಂದೊಂದೂ ಒಂದೊಂದೇ ಗುರುತನ್ನು ಹಿಡಿಯಬಲ್ಲದು. ನ್ಯೂಟ್ರೋಫಿಲ್‌ಗೆ ಬ್ಯಾಕ್ಟೀರಿಯಾ ಎಂದರೆ ಬ್ಯಾಕ್ಟೀರಿಯಾ. ಲಿಂಫೋಸೈಟ್‌ಗೆ ಇಂಥದೇ ವೈರಸ್ಸಿನ ಇಂಥದೇ ತುಣುಕು ಬೇಕು. ಮುಂದೆಂದೋ ಬರಬಹುದಾದ, ಇನ್ನೂ ಹುಟ್ಟದ ವೈರಸ್ಸಿಗೂ ಹೊಂದುವ ಗ್ರಾಹಕ, ಅಂದರೆ ಅದನ್ನು ಹಿಡಿಯುವ ಮೇಲ್ಮೈಯ ಪ್ರೋಟೀನು, ಮೊದಲೇ ಸಿದ್ಧವಿರುವುದು ಹೇಗೆ? ಉತ್ತರ ಕಂಡುಕೊಂಡ ಸುಸುಮು ಟೊನೆಗಾವಾ ಅವರಿಗೆ 1987ರ ನೊಬೆಲ್ ಬಂತು. ಕನ್ನಡದ ಸುಮಾರು ಐವತ್ತು ಅಕ್ಷರಗಳನ್ನು ಕಾಗುಣಿತ, ಒತ್ತುಗಳೊಂದಿಗೆ ಹೊಂದಿಸಿ ಲೆಕ್ಕವಿಲ್ಲದಷ್ಟು ಪದ ಕಟ್ಟುವಂತೆ, ಪ್ರತಿ ಬಿ ಕೋಶವೂ ಬೆಳೆಯುವಾಗ ಕೆಲವೇ ಜೀನ್ ತುಣುಕುಗಳನ್ನು ತನ್ನದೇ ರೀತಿಯಲ್ಲಿ ಕತ್ತರಿಸಿ ಜೋಡಿಸಿಕೊಳ್ಳುತ್ತದೆ. ಟಿ ಕೋಶದ ಗ್ರಾಹಕವೂ ಹೀಗೆಯೇ ರೂಪುಗೊಳ್ಳುತ್ತದೆ. ಹೀಗೆ ಕುರುಡಾಗಿ ಜೋಡಿಸಿದಾಗ ನಮ್ಮ ದೇಹವನ್ನೇ ಹಿಡಿಯುವ ಕೋಶಗಳೂ ಹುಟ್ಟುತ್ತವೆ. ಅಂಥವನ್ನೂ, ಯಾವುದಕ್ಕೂ ಹೊಂದದವನ್ನೂ ಥೈಮಸ್ ಆರಿಸಿ ತೆಗೆದುಹಾಕುತ್ತದೆ. ಅಲ್ಲಿ ಹುಟ್ಟುವ ಟಿ ಕೋಶಗಳಲ್ಲಿ ಶೇ. 95ಕ್ಕಿಂತ ಹೆಚ್ಚು ಹೊರಗೆ ಬರುವುದೇ ಇಲ್ಲ.

ಹೊರಬಂದವುಗಳಲ್ಲಿ ಸಿಡಿ8 ಗುರುತಿನವು ವೈರಸ್ ಹೊಕ್ಕ ಕೋಶವನ್ನು ನೇರವಾಗಿ ಕೊಲ್ಲುತ್ತವೆ. ಸಿಡಿ4 ಗುರುತಿನವು ಸಹಾಯಕ ಕೋಶಗಳು. ಇವುಗಳ ಒಪ್ಪಿಗೆಯಿಲ್ಲದೆ ಬಿ ಕೋಶ ಬಹುಪಾಲು ಸಂದರ್ಭಗಳಲ್ಲಿ ಪೂರ್ಣಪ್ರಮಾಣದ ಕೆಲಸಕ್ಕೆ ಇಳಿಯುವುದಿಲ್ಲ. ಆದರೆ ಚರ್ಮದಲ್ಲೋ ಮೂಗಿನಲ್ಲೋ ನಡೆದದ್ದು ದುಗ್ಧರಸ ಗ್ರಂಥಿಯೊಳಗಿನ ಟಿ ಕೋಶಕ್ಕೆ ತಿಳಿಯುವ ಬಗೆ? ವೈರಿಯ ತುಣುಕನ್ನು ಹೊತ್ತು ಅಲ್ಲಿಗೆ ನಡೆದುಬಂದು ತೋರಿಸುವುದು ಡೆಂಡ್ರಿಟಿಕ್ ಕೋಶ. 1973ರಲ್ಲಿ ಅದನ್ನು ವಿವರಿಸಿದ ರಾಲ್ಫ್ ಸ್ಟೈನ್‌ಮನ್ ಅವರಿಗೆ 2011ರ ನೊಬೆಲ್ ಘೋಷಣೆಯಾದದ್ದು ಅವರು ತೀರಿಕೊಂಡ ಮೂರು ದಿನಗಳ ಬಳಿಕ. ಕಾಲಿಗೆ ಗಾಯವಾದಾಗ ತೊಡೆಸಂದಿಯಲ್ಲಿ, ಗಂಟಲು ಕೆಟ್ಟಾಗ ದವಡೆಯ ಕೆಳಗೆ ಗಂಟು ಕಟ್ಟಿಕೊಳ್ಳುವುದು ಈ ಭೇಟಿಯ ಬಳಿಕ ಲಿಂಫೋಸೈಟ್‌ಗಳು ಅಲ್ಲಿ ಸಂಖ್ಯೆ ಹೆಚ್ಚಿಸಿಕೊಳ್ಳುವುದರಿಂದ.

ಪ್ರಚೋದನೆಗೊಂಡ ಬಿ ಕೋಶ ಪ್ಲಾಸ್ಮಾ ಕೋಶವಾಗಿ ವೈರಿಗೆ ಅಂಟಿಕೊಳ್ಳುವ ಪ್ರೋಟೀನುಗಳಾದ ಪ್ರತಿಕಾಯಗಳನ್ನು ಸೆಕೆಂಡಿಗೆ ಸಾವಿರಾರು ಸಂಖ್ಯೆಯಲ್ಲಿ ಹೊರಬಿಡುತ್ತದೆ. ಡೆಂಗಿ ವರದಿಯಲ್ಲಿ ನೀವು ನೋಡಿರುವ ಐಜಿಎಂ ಮೊದಲು ಬರುವ ಪ್ರತಿಕಾಯ, ಐಜಿಜಿ ಆಮೇಲಿನದು. ಟಿ ಮತ್ತು ಬಿ ಕೋಶಗಳ ಜೊತೆಗೆ ಮೂರನೆಯ ಬಗೆಯ ಲಿಂಫೋಸೈಟ್ ಒಂದಿದೆ, ಎನ್‌ಕೆ (ನ್ಯಾಚುರಲ್ ಕಿಲ್ಲರ್) ಕೋಶ. ವೈರಸ್ ಹೊಕ್ಕ ಅಥವಾ ಕ್ಯಾನ್ಸರಿಗೆ ತಿರುಗಿದ ಕೆಲವು ಕೋಶಗಳು ಟಿ ಕೋಶದ ಕಣ್ಣು ತಪ್ಪಿಸಲು ತಮ್ಮ ಗುರುತಿನ ಪ್ರೋಟೀನುಗಳನ್ನು ಅಡಗಿಸುತ್ತವೆ. ಗುರುತು ಇಲ್ಲದಿರುವುದನ್ನೇ ಗಮನಿಸಿ ಎನ್‌ಕೆ ಕೋಶ ಅವನ್ನು ಕೊಲ್ಲುತ್ತದೆ.

ಒಮ್ಮೆ ಬಂದ ಕಾಯಿಲೆಯನ್ನು ಬಿಳಿ ಕಣಗಳು ಎಷ್ಟು ಕಾಲ ನೆನಪಿಡುತ್ತವೆ?

1846ರಲ್ಲಿ ಉತ್ತರ ಅಟ್ಲಾಂಟಿಕ್‌ನ ಫೆರೋ ದ್ವೀಪಗಳಿಗೆ ದಡಾರ ಬಂತು. ಅಲ್ಲಿಗೆ ಹೋದ ಡೆನ್ಮಾರ್ಕಿನ ತರುಣ ವೈದ್ಯ ಪೀಟರ್ ಪಾನುಮ್ ಒಂದು ಸಂಗತಿಯನ್ನು ದಾಖಲಿಸಿದರು: ಊರಿಗೆ ಊರೇ ಮಲಗಿದ್ದರೂ, 1781ರಲ್ಲಿ ಬಂದಿದ್ದ ಹಿಂದಿನ ಪಿಡುಗಿನಲ್ಲಿ ದಡಾರ ಬಂದು ಹೋಗಿದ್ದ ಮುದುಕರಿಗೆ ಅದು ಮತ್ತೆ ತಗಲಲಿಲ್ಲ. ನಡುವೆ 65 ವರ್ಷ ಕಳೆದಿತ್ತು. ನೆನಪಿನ ಬಿ ಮತ್ತು ಟಿ ಕೋಶಗಳು, ಮಜ್ಜೆಯಲ್ಲಿ ತಣ್ಣಗೆ ಕುಳಿತು ವರ್ಷಗಟ್ಟಲೆ ಪ್ರತಿಕಾಯ ಮಾಡುವ ಪ್ಲಾಸ್ಮಾ ಕೋಶಗಳು ಇದಕ್ಕೆ ಕಾರಣ. ಕಾಯಿಲೆಯ ಕಷ್ಟವಿಲ್ಲದೆ ಈ ನೆನಪನ್ನು ಹುಟ್ಟಿಸುವುದೇ ಲಸಿಕೆ. ಎಲ್ಲ ನೆನಪೂ ಇಷ್ಟು ಗಟ್ಟಿಯಲ್ಲ. ಧನುರ್ವಾಯುವಿಗೆ ಮತ್ತೆ ಮತ್ತೆ ಲಸಿಕೆ ಬೇಕಾಗುತ್ತದೆ, ಫ್ಲೂ ವೈರಸ್ ತನ್ನ ಗುರುತನ್ನೇ ವರ್ಷವರ್ಷ ಬದಲಿಸುತ್ತದೆ. ದಡಾರದಲ್ಲಿ ಇನ್ನೊಂದು ಕೇಡೂ ಇದೆ: ಆ ವೈರಸ್ ನೆನಪಿನ ಕೋಶಗಳನ್ನೇ ಹೊಕ್ಕು ಕೊಲ್ಲುವುದರಿಂದ, ಬೇರೆ ರೋಗಗಳ ವಿರುದ್ಧ ಮಗು ಗಳಿಸಿದ್ದ ರಕ್ಷಣೆಯೂ ಸ್ವಲ್ಪಮಟ್ಟಿಗೆ ಅಳಿಸಿಹೋಗುತ್ತದೆ.

ಬಿಳಿ ಕಣಗಳನ್ನು ಸೈನಿಕರೆಂದು ಕರೆಯುವುದು ಸರಿಯೇ?

ಶಾಲೆಯ ಮಕ್ಕಳಿಗೆ ಹೇಳಲು ಅನುಕೂಲ. ನನಗೆ ಈ ಹೋಲಿಕೆ ಅಷ್ಟಾಗಿ ಒಪ್ಪಿಗೆಯಿಲ್ಲ. ಸೈನಿಕರು ಹೆಚ್ಚಿದಷ್ಟೂ ಒಳ್ಳೆಯದು ಎಂಬ ಭಾವನೆಯನ್ನು ಅದು ಬಿತ್ತುತ್ತದೆ. ರೋಗನಿರೋಧಕ ವ್ಯವಸ್ಥೆಯ ಅರ್ಧ ಶ್ರಮ ಹೋಗುವುದು ತನ್ನನ್ನು ತಾನು ತಡೆಯುವುದರಲ್ಲಿ. ನಿಯಂತ್ರಕ ಟಿ ಕೋಶಗಳು ಉಳಿದ ಟಿ ಕೋಶಗಳಿಗೆ ಲಗಾಮು ಹಾಕುತ್ತವೆ. ಅವುಗಳ ಪತ್ತೆಗಾಗಿ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್, ಶಿಮೋನ್ ಸಕಾಗುಚಿ ಅವರಿಗೆ 2025ರ ನೊಬೆಲ್ ಸಂದಿತು. ಈ ಲಗಾಮು ಸಡಿಲವಾದಾಗ ಸಂಧಿವಾತ, ಲೂಪಸ್, ಮಕ್ಕಳ ಟೈಪ್ 1 ಮಧುಮೇಹದಂಥ ಕಾಯಿಲೆಗಳಿಗೆ ದಾರಿಯಾಗುತ್ತದೆ.

ನನ್ನ ವರದಿಯಲ್ಲಿ ಲಿಂಫೋಸೈಟ್ ಶೇ. 60 ಎಂದಿದೆ. ಹೆಚ್ಚಾಯಿತಲ್ಲವೇ?

ಶೇಕಡಾವಾರು ಅಂಕಿಯನ್ನು ಒಂಟಿಯಾಗಿ ಓದಬೇಡಿ. ಒಟ್ಟು ಎಣಿಕೆ 3,000 ಇದ್ದು ಲಿಂಫೋಸೈಟ್ ಶೇ. 60, ನ್ಯೂಟ್ರೋಫಿಲ್ ಶೇ. 33 ಎಂದಿದ್ದರೆ ಗುಣಿಸಿ ನೋಡಿ: ಲಿಂಫೋಸೈಟ್‌ಗಳು 1,800, ಅಂದರೆ ಸಹಜ, ನ್ಯೂಟ್ರೋಫಿಲ್‌ಗಳು 990, ಅಂದರೆ ಕಡಿಮೆ. ಹೆಚ್ಚಿದಂತೆ ಕಂಡದ್ದು ಹೆಚ್ಚಿಲ್ಲ, ಇನ್ನೊಂದು ಕುಸಿದಿದೆ. ವೈದ್ಯರು ನೋಡುವುದು ಈ ನಿಜಸಂಖ್ಯೆಯನ್ನೇ.

ಎಣಿಕೆ ಹೆಚ್ಚಿದ್ದರೆ ಸೋಂಕು ಇದೆಯೆಂದೇ ಅರ್ಥವೇ? ಆಂಟಿಬಯಾಟಿಕ್ ತೆಗೆದುಕೊಳ್ಳಬೇಕೇ?

ಬ್ಯಾಕ್ಟೀರಿಯಾ ಸೋಂಕಿನಲ್ಲಿ ನ್ಯೂಟ್ರೋಫಿಲ್ ಏರುವುದು ನಿಜ. ಆದರೆ ಮೆಟ್ಟಿಲು ಹತ್ತಿ ಓಡಿಬಂದು ರಕ್ತ ಕೊಟ್ಟರೂ, ಭಯಪಟ್ಟರೂ, ಶಸ್ತ್ರಚಿಕಿತ್ಸೆಯ ಮರುದಿನವೂ, ಸ್ಟೆರಾಯ್ಡ್ ಮಾತ್ರೆ ನುಂಗಿದ ಕೆಲವೇ ಗಂಟೆಗಳಲ್ಲಿಯೂ ಏರುತ್ತದೆ. ನಾಳದ ಗೋಡೆಗೆ ಒರಗಿದ್ದ ಕಣಗಳು ಹರಿವಿಗೆ ಬಂದದ್ದರಿಂದ ಹಾಗಾಗುವುದುಂಟು. ಬೀಡಿ, ಸಿಗರೇಟು ಸೇದುವವರಲ್ಲಿ ಎಣಿಕೆ ಸದಾ ತುಸು ಮೇಲೆಯೇ ಇರುತ್ತದೆ. ಗರ್ಭಿಣಿಯರಲ್ಲಿ 15,000ದವರೆಗೂ ಹೋಗುವುದು ಅಪರೂಪವಲ್ಲ, ಹೆರಿಗೆನೋವಿನಲ್ಲಿ ಇನ್ನೂ ಹೆಚ್ಚು. 12,000 ಎಂಬ ಒಂದು ಅಂಕಿಯನ್ನು ಔಷಧದಂಗಡಿಯಲ್ಲಿ ತೋರಿಸಿ ಆಂಟಿಬಯಾಟಿಕ್ ಕೊಳ್ಳುವ ರೂಢಿಯನ್ನು ಬಿಡಲೇಬೇಕು.

ಜ್ವರ ಬಂದಾಗ ಎಣಿಕೆ ಕಡಿಮೆಯಾಗುವುದೂ ಉಂಟೇ?

ಉಂಟು, ಮತ್ತು ನಮ್ಮ ನಾಡಿನ ಮುಖ್ಯ ಜ್ವರಗಳಲ್ಲಿ ಹಲವು ಹಾಗೆಯೇ ವರ್ತಿಸುತ್ತವೆ. ಡೆಂಗಿಯಲ್ಲಿ ಜನ ಪ್ಲೇಟ್‌ಲೆಟ್ ಒಂದನ್ನೇ ಹಿಡಿದುಕೊಂಡು ಬೆಳಗ್ಗೆ ಸಂಜೆ ಎಣಿಸುತ್ತಾರೆ. ಆದರೆ ಸಾಮಾನ್ಯವಾಗಿ ಮೊದಲು ಇಳಿಯುವುದು ಬಿಳಿ ಕಣ. ಜ್ವರ ಬಿಟ್ಟ ಬಳಿಕ ಮೊದಲು ಏರತೊಡಗುವುದೂ ಬಹುಮಟ್ಟಿಗೆ ಅದೇ, ಪ್ಲೇಟ್‌ಲೆಟ್ ಅದರ ಹಿಂದೆ ಬರುತ್ತದೆ. ಬಿಳಿ ಕಣ 2,400ರಿಂದ 3,600ಕ್ಕೆ ಏರಿದ್ದನ್ನು ಮನೆಯವರು ಗಮನಿಸಿದರೆ ಪ್ಲೇಟ್‌ಲೆಟ್‌ಗಾಗಿ ಪಡುವ ಆತಂಕ ಎಷ್ಟೋ ಇಳಿಯುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯಲ್ಲಿಯೂ ಬಿಳಿ ಕಣ ಮತ್ತು ಪ್ಲೇಟ್‌ಲೆಟ್ ಎರಡೂ ಇಳಿಯುತ್ತವೆ. ಮಲೆನಾಡಿನಲ್ಲಿ ಉಣುಗು ಕಚ್ಚಿದವರ ಜ್ವರವನ್ನು ಈ ಎಣಿಕೆಯಿಂದಷ್ಟೇ ಡೆಂಗಿಯಿಂದ ಬೇರ್ಪಡಿಸಲಾಗದು, ಅದಕ್ಕೆ ವೈರಸ್ ಪರೀಕ್ಷೆ ಬೇಕು. ಟೈಫಾಯ್ಡ್ ಬ್ಯಾಕ್ಟೀರಿಯಾದಿಂದ ಬರುವ ಕಾಯಿಲೆಯಾದರೂ ಎಣಿಕೆ ಏರದೆ ಇಳಿಯುವುದು ಸಾಮಾನ್ಯ, ಇಯೋಸಿನೋಫಿಲ್‌ಗಳಂತೂ ಕಾಣೆಯಾಗುವುದುಂಟು.

ಔಷಧದಿಂದಾಗುವ ಕುಸಿತವನ್ನು ಪ್ರತ್ಯೇಕವಾಗಿ ಹೇಳಬೇಕು. ಥೈರಾಯ್ಡ್ ಹೆಚ್ಚಿರುವವರು ತೆಗೆದುಕೊಳ್ಳುವ ಕಾರ್ಬಿಮಜೋಲ್, ಮನೋರೋಗಕ್ಕೆ ಕೊಡುವ ಕ್ಲೋಜಪಿನ್ ಇವು ಅಪರೂಪಕ್ಕೆ ನ್ಯೂಟ್ರೋಫಿಲ್‌ಗಳನ್ನು ಪೂರ್ತಿ ಬರಿದು ಮಾಡುತ್ತವೆ. ಇಂಥ ಮಾತ್ರೆ ನುಂಗುತ್ತಿರುವವರಿಗೆ ಗಂಟಲು ನೋವು, ಜ್ವರ ಬಂದರೆ ಉಪ್ಪುನೀರು ಮುಕ್ಕಳಿಸುತ್ತ ಕೂರದೆ ಅಂದೇ ಎಣಿಕೆ ಮಾಡಿಸಬೇಕು.

ಮಗುವಿನ ವರದಿಯಲ್ಲಿ ಎಲ್ಲವೂ ದಪ್ಪಕ್ಷರದಲ್ಲಿದೆ. ಹೆದರಬೇಕೇ?

ಮುದ್ರಿತ ಮಿತಿ ಯಾರದೆಂದು ಮೊದಲು ನೋಡಿ. ಹುಟ್ಟಿದ ಮಗುವಿನ ಎಣಿಕೆ 9,000ದಿಂದ 30,000ದವರೆಗೂ ಸಹಜವೇ. ಮೊದಲ ಕೆಲವು ದಿನ ಕಳೆದ ಮೇಲೆ, ನಾಲ್ಕೈದು ವರ್ಷ ತುಂಬುವವರೆಗೂ, ಮಕ್ಕಳಲ್ಲಿ ನ್ಯೂಟ್ರೋಫಿಲ್‌ಗಿಂತ ಲಿಂಫೋಸೈಟ್‌ಗಳೇ ಹೆಚ್ಚು. ದೊಡ್ಡವರ ಮಿತಿಯನ್ನು ಪಕ್ಕದಲ್ಲಿ ಅಚ್ಚು ಹಾಕಿದ ವರದಿ ತಾಯಂದಿರನ್ನು ಅಳಿಸಿದ್ದನ್ನು ನಾನು ಕಂಡಿದ್ದೇನೆ.

ರಕ್ತದ ಕ್ಯಾನ್ಸರಿನಲ್ಲಿ ಬಿಳಿ ಕಣಗಳು ಲಕ್ಷ ದಾಟಿದರೂ ಸೋಂಕು ಏಕೆ ತಗಲುತ್ತದೆ?

ಲುಕೇಮಿಯಾದಲ್ಲಿ, ಅದರಲ್ಲೂ ಉಲ್ಬಣ ಬಗೆಯದರಲ್ಲಿ, ಹೆಚ್ಚುವುದು ಬಲಿಯದ ಎಳೆಕೋಶಗಳು. ಅವು ನುಂಗಲಾರವು, ಪ್ರತಿಕಾಯ ಮಾಡಲಾರವು. ಮಜ್ಜೆಯ ಜಾಗವನ್ನು ಮಾತ್ರ ತುಂಬಿಕೊಂಡು ಸಹಜ ಕಣಗಳು ಹುಟ್ಟದಂತೆ ತಡೆಯುತ್ತವೆ. ಅದೇ ಬಿಳಿ ಕಣಗಳನ್ನು ಚಿಕಿತ್ಸೆಗೆ ತಿರುಗಿಸುವ ವಿಧಾನವೂ ಈಗ ಬಂದಿದೆ. ರೋಗಿಯ ಟಿ ಕೋಶಗಳನ್ನು ಹೊರತೆಗೆದು, ಕ್ಯಾನ್ಸರ್ ಕೋಶವನ್ನು ಹಿಡಿಯುವ ಗ್ರಾಹಕದ ಜೀನನ್ನು ಸೇರಿಸಿ, ಬೆಳೆಸಿ, ಮತ್ತೆ ದೇಹಕ್ಕೆ ಹರಿಸುವ ಕಾರ್-ಟಿ ಚಿಕಿತ್ಸೆ ಅದು. ಮುಂಬೈನ ಐಐಟಿ ಮತ್ತು ಟಾಟಾ ಸ್ಮಾರಕ ಆಸ್ಪತ್ರೆ ಸೇರಿ ರೂಪಿಸಿದ ನೆಕ್ಸ್‌ಕಾರ್19ಕ್ಕೆ 2023ರ ಅಕ್ಟೋಬರ್‌ನಲ್ಲಿ ಭಾರತದಲ್ಲಿ ಅನುಮತಿ ದೊರೆಯಿತು.

ಎಚ್‌ಐವಿ ಇರುವವರಲ್ಲಿ ಸಿಡಿ4 ಎಣಿಸುವುದೇಕೆ?

ಆ ವೈರಸ್ ಹೊಕ್ಕುವುದು ಸಿಡಿ4 ಸಹಾಯಕ ಕೋಶವನ್ನೇ. ಸಾಮಾನ್ಯವಾಗಿ 500ರಿಂದ 1,500 ಇರುವ ಈ ಸಂಖ್ಯೆ 200ಕ್ಕಿಂತ ಇಳಿದರೆ, ಆರೋಗ್ಯವಂತರಿಗೆ ಏನೂ ಮಾಡದ ಶಿಲೀಂಧ್ರಗಳೂ ಪ್ರಾಣಾಂತಿಕವಾಗುತ್ತವೆ. ಈ ಅಂಕಿ ಇಳಿಯಲೆಂದು ಕಾಯುವ ಕಾಲ ಮುಗಿದಿದೆ. 2017ರಿಂದ ಭಾರತದಲ್ಲಿ ಸಿಡಿ4 ಎಷ್ಟೇ ಇರಲಿ, ಸೋಂಕು ಖಚಿತವಾದ ಎಲ್ಲರಿಗೂ ಚಿಕಿತ್ಸೆ ಕೊಡಲಾಗುತ್ತದೆ.

ಬಿಳಿ ಕಣ ಹೆಚ್ಚಿಸಲು ಏನು ತಿನ್ನಬೇಕು?

ಇಂಥದನ್ನು ತಿಂದರೆ ಏರುತ್ತದೆ ಎಂಬ ಆಹಾರವಿಲ್ಲ. ಕೊರತೆಯಿಂದ ಇಳಿದಿದ್ದರೆ ಕೊರತೆ ತುಂಬಿದಾಗ ಏರುತ್ತದೆ, ಅಷ್ಟೇ. ಶುದ್ಧ ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಸಾಮಾನ್ಯ. ಅಂಥವರ ನ್ಯೂಟ್ರೋಫಿಲ್‌ನ ಕೋಶಕೇಂದ್ರ ಆರು ಎಸಳಾಗಿ ಒಡೆದಿರುವುದನ್ನು ಕಂಡರೆ, ಬಿ12 ವರದಿ ಬರುವ ಮೊದಲೇ ಅನುಮಾನ ಹುಟ್ಟುತ್ತದೆ. ರೋಗನಿರೋಧಕ ಶಕ್ತಿಯ ಹೆಸರಿನಲ್ಲಿ ಅಮೃತಬಳ್ಳಿಯ ಕಷಾಯವನ್ನು ತಿಂಗಳುಗಟ್ಟಲೆ ಕುಡಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದದ್ದನ್ನು ನಮ್ಮ ದೇಶದ ವೈದ್ಯರೇ ವರದಿ ಮಾಡಿದ್ದಾರೆ.

ಯಂತ್ರವೇ ಎಣಿಸುವಾಗ ಗಾಜಿನ ಪಟ್ಟಿಯನ್ನು ಮತ್ತೆ ನೋಡುವುದೇಕೆ?

ಹಿಂದೆ ರಕ್ತವನ್ನು ಇಪ್ಪತ್ತು ಪಟ್ಟು ತೆಳುವಾಗಿಸಿ, ನ್ಯೂಬೌಯರ್ ಗಾಜಿನ ನಾಲ್ಕು ಮೂಲೆಯ ಚೌಕಗಳಲ್ಲಿ ಕಂಡ ಕಣಗಳನ್ನು ಎಣಿಸಿ 50ರಿಂದ ಗುಣಿಸುತ್ತಿದ್ದೆವು. ನೂರನಲವತ್ತು ಕಂಡರೆ 7,000. ಯಂತ್ರ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಕಣಗಳನ್ನು ಒಂದು ನಿಮಿಷದಲ್ಲಿ ಎಣಿಸುವುದರಿಂದ ಅದರ ಅಂಕಿ ಹೆಚ್ಚು ನಂಬಲರ್ಹ. ಆದರೆ ಅದು ಗಾತ್ರವನ್ನೂ ಬೆಳಕಿನ ಚದುರುವಿಕೆಯನ್ನೂ ಅಳೆಯುತ್ತದೆ. ಕೋಶಕೇಂದ್ರ ಉಳಿಸಿಕೊಂಡ ಎಳೆಯ ಕೆಂಪು ಕಣವನ್ನು ಕೆಲವು ಯಂತ್ರಗಳು ಬಿಳಿ ಕಣವೆಂದು ಲೆಕ್ಕ ಹಿಡಿಯುತ್ತವೆ, ಬಲಿಯದ ಕ್ಯಾನ್ಸರ್ ಕೋಶವನ್ನು ಮಾನೋಸೈಟ್ ಸಾಲಿಗೆ ಸೇರಿಸಿಬಿಡುವುದೂ ಉಂಟು. ಒಟ್ಟು ಎಣಿಕೆ 9,000, ಮಾನೋಸೈಟ್ ಶೇ. 22 ಎಂದು ಯಂತ್ರ ಹೇಳಿದ ವರದಿಯೊಂದರಲ್ಲಿ ಮೇಲ್ನೋಟಕ್ಕೆ ಗಾಬರಿಪಡುವಂಥದ್ದೇನೂ ಇರಲಿಲ್ಲ. ಪಟ್ಟಿಯನ್ನು ಎಣ್ಣೆ ಹಾಕಿದ ಮಸೂರದಡಿ ಇಟ್ಟಾಗ ಆ ಮಾನೋಸೈಟ್‌ಗಳಲ್ಲಿ ಅರ್ಧದಷ್ಟರ ಮೈಯೊಳಗೆ ಕೆಂಪು ಕಡ್ಡಿಗಳಿದ್ದವು; ಔಯರ್ ಕಡ್ಡಿಗಳೆಂದು ಕರೆಯುವ ಅವು ಉಲ್ಬಣ ಮೈಲಾಯ್ಡ್ ಲುಕೇಮಿಯಾದಂಥ ಮಜ್ಜೆಯ ಕಾಯಿಲೆಗಳಲ್ಲಿ ಬಿಟ್ಟರೆ ಬೇರೆಡೆ ಕಾಣುವುದಿಲ್ಲ. ಆ ಸಂಜೆಯೇ ವೈದ್ಯರಿಗೆ ಫೋನ್ ಮಾಡಿ ತಿಳಿಸಿದೆವು.